ಮನೆಯಲ್ಲಿ ಕುತ್ತಿಗೆ ಟ್ರ್ಯಾಕ್ಷನ್: ಬಾಗಿಲಿನ ನೀರಿನ ಚೀಲವೋ, ಗಾಳಿ ತುಂಬುವ ಪಟ್ಟಿಯೋ, ಮಲಗಿ ಬಳಸುವುದೋ?

ಎಡಗೈಬರಹ · ಸೋಮವಾರ, ರಾತ್ರಿ 11.40

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಹಳ ದಿನಗಳಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಮೊದಲ ಬಾರಿ. ವಯಸ್ಸು 44. ದಿನವಿಡೀ ತಲೆ ತಗ್ಗಿಸಿ ಕರಡು ತಿದ್ದುವ ಕೆಲಸ.

ಎಂಟು ವಾರಗಳ ಹಿಂದೆ ಎಡ ಹೆಗಲಮೂಳೆಯ ಒಳಬದಿಯಲ್ಲಿ ಶುರುವಾದ ನೋವು ಈಗ ತೋಳಿನ ಹೊರಬದಿಯಿಂದ ಇಳಿದು, ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಜೋಮಾಗಿ ನಿಂತಿದೆ. ಎಂಆರ್‌ಐ ವರದಿಯಲ್ಲಿ ಸಿ5–ಸಿ6 (ಕುತ್ತಿಗೆಯ ಐದನೆಯ ಮತ್ತು ಆರನೆಯ ಮಣಿ) ನಡುವಿನ ಡಿಸ್ಕ್, ಅಂದರೆ ಮೆತ್ತೆ, ಎಡಕ್ಕೆ ಉಬ್ಬಿ ನರದ ಬೇರನ್ನು ಒತ್ತುತ್ತಿದೆ ಎಂದಿದೆ. ಎಡಗೈಯನ್ನು ತಲೆಯ ಮೇಲೆ ಇಟ್ಟುಕೊಂಡರೆ ನೋವು ತಗ್ಗುತ್ತದೆ. ರಾತ್ರಿ ಹಾಗೆಯೇ ಮಲಗುತ್ತೇನೆ. ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗನಂತೆ ಕೈ ಎತ್ತಿಕೊಂಡು ನಿದ್ದೆ ಮಾಡುತ್ತೀರಿ ಎಂದು ಮನೆಯಲ್ಲಿ ನಗುತ್ತಾರೆ.

ಫಿಸಿಯೋಥೆರಪಿಯಲ್ಲಿ ಎಂಟು ಬಾರಿ ಯಂತ್ರದ ಟ್ರ್ಯಾಕ್ಷನ್, ಅಂದರೆ ತಲೆಯನ್ನು ಹಿಡಿದು ಕುತ್ತಿಗೆಯನ್ನು ಎಳೆಯುವ ಚಿಕಿತ್ಸೆ, ಆಯಿತು. ಪ್ರತಿ ಬಾರಿಯೂ ಎರಡು ಮೂರು ಗಂಟೆ ಹಾಯೆನಿಸಿತು. ಆದರೆ ಕೆಲಸ ಬಿಟ್ಟು ದಿನವೂ ಹೋಗಿಬರುವುದು ಆಗದ ಮಾತು. ವೈದ್ಯರು ಚೀಟಿಯಲ್ಲಿ ‘ಮನೆಯಲ್ಲಿ ಟ್ರ್ಯಾಕ್ಷನ್’ ಎಂದು ಎರಡು ಪದ ಬರೆದು ಕಳುಹಿಸಿದ್ದಾರೆ. ಯಾವುದು, ಎಷ್ಟು ಭಾರ, ಎಷ್ಟು ಹೊತ್ತು, ಒಂದೂ ಇಲ್ಲ.

ಹುಡುಕಲು ಹೋದರೆ ಐದು ಬಗೆ ಕಾಣಿಸಿತು. ಬಾಗಿಲಿಗೆ ಸಿಕ್ಕಿಸುವ ರಾಟೆ ಮತ್ತು ನೀರಿನ ಚೀಲ, ಕೊರಳಿಗೆ ಸುತ್ತಿ ಗಾಳಿ ತುಂಬುವ ಪಟ್ಟಿ, ಮಲಗಿ ಬಳಸುವ ಪಂಪಿನ ಸಾಧನ, ಬಾಗಿಲ ಹಿಡಿಗೆ ರಬ್ಬರ್ ಪಟ್ಟಿಯಿಂದ ಕಟ್ಟಿ ತಲೆ ಇಡುವ ತೊಟ್ಟಿಲು, ಗಟ್ಟಿ ಫೋಮಿನ ದಿಂಬು. ಎಲ್ಲದರ ಕೆಳಗೂ ‘ಮೊದಲ ದಿನವೇ ನೋವು ಮಾಯ’ ಎಂಬ ಮೆಚ್ಚುಗೆ. ಬಳಸಿದವರು ಇದ್ದರೆ ನಿಜ ಹೇಳಿ.

ನಿಧಾನಸ್ಥ · ಮಂಗಳವಾರ, ಬೆಳಿಗ್ಗೆ 6.15

ನೀರಿನ ಚೀಲದವನು ನಾನು. ನಾಲ್ಕು ವರ್ಷಗಳ ಹಿಂದೆ ಎರಡು ತಿಂಗಳು ಬಳಸಿದ್ದೇನೆ, ಆದ್ದರಿಂದ ಪ್ರೀತಿಯಿಂದಲೂ ಸಿಟ್ಟಿನಿಂದಲೂ ಬರೆಯಬಲ್ಲೆ.

ಬಾಗಿಲಿನ ಮೇಲಂಚಿಗೆ ಕಬ್ಬಿಣದ ಕೊಕ್ಕೆ, ಅದರಿಂದ ಚಾಚಿದ ಸರಳಿನಲ್ಲಿ ರಾಟೆ. ಹಗ್ಗದ ಒಂದು ತುದಿಯಲ್ಲಿ ಗದ್ದ ಮತ್ತು ಹಿಂದಲೆಯನ್ನು ಹಿಡಿಯುವ ಬಟ್ಟೆಯ ಪಟ್ಟಿ, ಇನ್ನೊಂದು ತುದಿಯಲ್ಲಿ ಗೆರೆ ಎಳೆದ ಪ್ಲಾಸ್ಟಿಕ್ ಚೀಲ. ನೀರು ಎಷ್ಟು ಲೀಟರೋ ಎಳೆತ ಅಷ್ಟು ಕಿಲೋ, ಲೆಕ್ಕ ಸುಲಭ. ಇದ್ದುದರಲ್ಲಿ ಅಗ್ಗ. ಹಾಳಾಗುವಂಥದ್ದು ಅದರಲ್ಲಿ ಏನೂ ಇಲ್ಲ.

ಮೊದಲ ವಾರ ನಾನು ಮಾಡಿದ ತಪ್ಪು: ಬಾಗಿಲಿಗೆ ಬೆನ್ನು ಹಾಕಿ ಕುಳಿತೆ. ಟಿ.ವಿ. ಆ ಕಡೆ ಇತ್ತು, ಅದೇ ಕಾರಣ. ಹಗ್ಗ ತಲೆಯನ್ನು ಹಿಂದಕ್ಕೆ ಎಳೆಯುತ್ತಿತ್ತು. ಹದಿನೈದು ನಿಮಿಷ ಮುಗಿಯುವಷ್ಟರಲ್ಲಿ ಕೈಯ ಜೋಮು ಹೆಚ್ಚಾಗಿರುತ್ತಿತ್ತು. ಇದು ಗುಣವಾಗುವ ಲಕ್ಷಣ ಎಂದುಕೊಂಡು ಸಹಿಸಿದೆ, ನೋಡಿ! ಆಮೇಲೆ ತಿಳಿದವರೊಬ್ಬರು ಕುರ್ಚಿಯನ್ನು ತಿರುಗಿಸಿ ಬಾಗಿಲಿಗೆ ಮುಖ ಮಾಡಿ ಕೂರಿಸಿದರು. ಹಗ್ಗ ಮುಂದಿನಿಂದ ಎಳೆಯತೊಡಗಿತು, ತಲೆ ಸ್ವಲ್ಪ ಮುಂದಕ್ಕೆ ಬಾಗಿತು, ಅವತ್ತೇ ವ್ಯತ್ಯಾಸ ತಿಳಿಯಿತು. ಮೂರು ವಾರ ಚೆನ್ನಾಗಿ ನಡೆಯಿತು. ಆಮೇಲೆ ದವಡೆ ಹಿಡಿದುಕೊಂಡಿತು. ಬಾಯಿ ಅಗಲಿಸಿದರೆ ಕಿವಿಯ ಮುಂದೆ ‘ಟಕ್’ ಎನ್ನುತ್ತಿತ್ತು. ಕೊನೆಗೆ ಕುತ್ತಿಗೆ ವಾಸಿಯಾಯಿತು, ದವಡೆಗೆ ಬೇರೆ ಚಿಕಿತ್ಸೆ ಮಾಡಿಸಿಕೊಂಡೆ.

ಇನ್ನೊಂದು ಮಾತು. ಚಿಲಕ ಹಾಕಿದ ಬಾಗಿಲನ್ನೇ ಆರಿಸಿಕೊಳ್ಳಿ. ಆ ಕಡೆಯಿಂದ ಯಾರಾದರೂ ತಳ್ಳಿದರೆ ಪೆಟ್ಟು ಬೀಳುವುದು ನಿಮ್ಮ ಕತ್ತಿಗೆ.

ಸಂಜೆಮುಗಿಲು · ಮಂಗಳವಾರ, ಬೆಳಿಗ್ಗೆ 9.02

ಇಷ್ಟೆಲ್ಲ ರಗಳೆ ಏಕೆ? ಗಾಳಿ ತುಂಬುವ ಪಟ್ಟಿ ತೆಗೆದುಕೊಳ್ಳಿ. ಮೂರು ಸುತ್ತಿನ ಟ್ಯೂಬು, ಕೈಯಲ್ಲಿ ಒತ್ತುವ ರಬ್ಬರ್ ಉಂಡೆ. ಕಚೇರಿಯ ಕುರ್ಚಿಯಲ್ಲಿ ಕುಳಿತೇ ಹಾಕಿಕೊಳ್ಳುತ್ತೇನೆ. ಕುತ್ತಿಗೆ ಬಿಗಿದುಕೊಂಡ ದಿನ ಹತ್ತು ನಿಮಿಷದಲ್ಲಿ ಹಗುರ. ಚೀಲಕ್ಕೆ ಹಾಕಿಕೊಂಡು ಎಲ್ಲಿಗೆ ಬೇಕಾದರೂ ಒಯ್ಯಬಹುದು.

ಅಳತೆಗೋಲು · ಮಂಗಳವಾರ, ಮಧ್ಯಾಹ್ನ 1.30

ಸಂಜೆಮುಗಿಲು ಅವರೇ, ನಿಮಗೆ ಕೈಗೆ ಇಳಿಯುವ ನೋವು ಇದೆಯೇ, ಬರೀ ಕುತ್ತಿಗೆ ಬಿಗಿತವೇ? ಪಟ್ಟಿ ಎಷ್ಟು ಕಿಲೋ ಎಳೆಯುತ್ತಿದೆ ಎಂದು ತಿಳಿಯುವುದು ಹೇಗೆ?

ಸಂಜೆಮುಗಿಲು · ಮಂಗಳವಾರ, ಮಧ್ಯಾಹ್ನ 1.41

ಬರೀ ಬಿಗಿತ. ಕಿಲೋ ಗೊತ್ತಿಲ್ಲ. ಸಾಕು ಅನ್ನಿಸುವವರೆಗೆ ಒತ್ತುತ್ತೇನೆ.

ಅಳತೆಗೋಲು · ಮಂಗಳವಾರ, ಸಂಜೆ 7.20

ನನ್ನ ತಕರಾರು ಅಲ್ಲೇ ಇದೆ. ಯಂತ್ರಗಳ ದುರಸ್ತಿ ನನ್ನ ಕಸುಬು. ಮುಳ್ಳು ಇಲ್ಲದ ಮಾಪಕವನ್ನು ನಾನು ನಂಬುವುದಿಲ್ಲ. ‘ಸಾಕು ಅನ್ನಿಸುವವರೆಗೆ’ ಎಂಬುದು ಇವತ್ತು ಒಂದು, ನಾಳೆ ಇನ್ನೊಂದು. ಅದಲ್ಲದೆ ಆ ಪಟ್ಟಿ ಎಳೆಯುವುದಿಲ್ಲ, ತಳ್ಳುತ್ತದೆ. ಕೆಳಗೆ ಹೆಗಲು ಮತ್ತು ಕೊರಳೆಲುಬಿನ ಮೇಲೆ ಕುಳಿತು ಮೇಲೆ ದವಡೆಯನ್ನು ಎತ್ತುತ್ತದೆ. ಗಂಟಲಿನ ಎರಡೂ ಬದಿಗೆ, ಮಿದುಳಿಗೆ ರಕ್ತ ಒಯ್ಯುವ ನಾಳಗಳ ಹತ್ತಿರವೇ ಟ್ಯೂಬು ಉಬ್ಬುತ್ತದೆ. ಹಗುರವಾಗಿ ತುಂಬಿಸಿ ಕತ್ತಿಗೆ ಆಸರೆಯಾಗಿ ಬಳಸುವವರನ್ನು ಬೇಡ ಎನ್ನುವುದಿಲ್ಲ. ನರ ಒತ್ತಿದೆ ಎಂದು ವರದಿ ಬಂದವರು ಅದನ್ನು ಚಿಕಿತ್ಸೆ ಎಂದುಕೊಳ್ಳಬಾರದು.

ನೀರಿನ ಚೀಲದ ಲೆಕ್ಕವೂ ಕಾಣುವಷ್ಟು ಸುಲಭವಲ್ಲ. ಭಾವನದೊಂದು ಇತ್ತು, ಗದ್ದದ ಪಟ್ಟಿ ಸಿಕ್ಕಿಸುವ ಕಡೆಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ನೋಡಿದೆ. ಚೀಲದಲ್ಲಿ 7 ಲೀಟರ್. ತಕ್ಕಡಿಯನ್ನು ಸ್ವಲ್ಪ ಮೇಲೆತ್ತಿದರೆ ಮುಳ್ಳು 6ರ ಹತ್ತಿರ, ಕೆಳಗೆ ಎಳೆದರೆ 8ರ ಹತ್ತಿರ. ಕಾರಣ ರಾಟೆಯ ಉಜ್ಜುವಿಕೆ. ಪ್ಲಾಸ್ಟಿಕ್ ರಾಟೆ, ಅದರ ನಡುವೆ ಮೊಳೆಯಂಥದ್ದೊಂದು ಅಚ್ಚು. ಕುಳಿತವರು ತಲೆ ಅಲ್ಲಾಡಿಸಿದಂತೆಲ್ಲ ಎಳೆತ ಬದಲಾಗುತ್ತಿರುತ್ತದೆ. ಒಂದು ಹನಿ ಎಣ್ಣೆ ಬಿಟ್ಟ ಮೇಲೆ ಅಂತರ ಅರ್ಧಕ್ಕೆ ಇಳಿಯಿತು.

ಅದಕ್ಕಿಂತ ದೊಡ್ಡ ವಿಷಯ ತಲೆಯ ಭಾರ. ಮನುಷ್ಯನ ತಲೆ ಸುಮಾರು 4.5 ರಿಂದ 5 ಕಿಲೋ. ಕುಳಿತಿದ್ದಾಗ ಮೊದಲ 5 ಕಿಲೋ ಎಳೆತ ತಲೆಯನ್ನು ಹೊತ್ತುಕೊಳ್ಳುವುದಕ್ಕೇ ಹೋಗುತ್ತದೆ. 7 ಲೀಟರ್ ತುಂಬಿಸಿದಾಗ ಕತ್ತಿಗೆ ಸಿಗುವುದು 2 ಕಿಲೋ ಆಸುಪಾಸು. ಹಾಗೆಂದು ನೀರು ಹೆಚ್ಚಿಸುತ್ತಾ ಹೋದರೆ ಅಷ್ಟೂ ಭಾರದ ಪಾಲು ಗದ್ದದ ಮೇಲೆ. ನಿಧಾನಸ್ಥ ಅವರ ‘ಟಕ್’ ಬಂದದ್ದು ಅಲ್ಲಿಂದಲೇ ಇರಬೇಕು. ಮಲಗಿದರೆ ತಲೆಯ ಭಾರವನ್ನು ಹಾಸಿಗೆ ಹೊರುತ್ತದೆ.

ನಿಧಾನಸ್ಥ · ಮಂಗಳವಾರ, ರಾತ್ರಿ 8.05

ನಾಲ್ಕು ವರ್ಷ ತಡವಾಗಿ ಅರ್ಥವಾಯಿತು. ಎಣ್ಣೆಯ ವಿಷಯ ಆಗ ಯಾರಾದರೂ ಹೇಳಬಾರದಿತ್ತೇ! ಹಗ್ಗ ಕೀರಲು ದನಿ ಮಾಡುತ್ತಿದ್ದುದನ್ನು ನನ್ನ ಕುತ್ತಿಗೆಯ ಸದ್ದು ಎಂದುಕೊಂಡಿದ್ದೆ.

ಬೇಲಿಹೂವು · ಮಂಗಳವಾರ, ರಾತ್ರಿ 10.30

ನಾನು ಫಿಸಿಯೋಥೆರಪಿಸ್ಟ್. ನಿಮ್ಮ ಕುತ್ತಿಗೆಯನ್ನು ಕೈಯಿಂದ ಮುಟ್ಟಿ ನೋಡಿಲ್ಲ, ಆದ್ದರಿಂದ ಇದು ಚಿಕಿತ್ಸೆಯ ಚೀಟಿಯಲ್ಲ. ಆದರೂ ಸಾಧನದ ಹೆಸರು ಕೇಳುವ ಮೊದಲು ಕೇಳಬೇಕಾದದ್ದು ಬೇರೆ ಇದೆ. ಈ ಕುತ್ತಿಗೆಯನ್ನು ಎಳೆಯಬಹುದೇ?

ಎಳೆಯಬಾರದ ಕುತ್ತಿಗೆಗಳಿವೆ. ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಮೇಲಿನ ಎರಡು ಮಣಿಗಳನ್ನು ಕಟ್ಟಿಹಾಕಿರುವ ತಂತುಗಳು ಸಡಿಲಾಗಿರಬಹುದು, ಡೌನ್ ಸಿಂಡ್ರೋಮ್ ಇರುವವರಲ್ಲಿಯೂ ಅಷ್ಟೆ. ಮೂಳೆ ಟೊಳ್ಳಾದವರು, ವರ್ಷಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಂಡವರು, ಇತ್ತೀಚೆಗೆ ಬಿದ್ದು ಕುತ್ತಿಗೆಗೆ ಪೆಟ್ಟಾದವರು, ಬೆನ್ನುಮೂಳೆಯಲ್ಲಿ ಗೆಡ್ಡೆ ಅಥವಾ ಸೋಂಕು ಇರುವವರು, ಕುತ್ತಿಗೆಯ ರಕ್ತನಾಳಗಳ ಕಾಯಿಲೆ ಇರುವವರು, ಮೈಯ ಕೀಲುಗಳೆಲ್ಲ ಹುಟ್ಟಿನಿಂದ ಅತಿಯಾಗಿ ಸಡಿಲ ಇರುವವರು ಮನೆಯಲ್ಲಿ ಯಾವ ಸಾಧನವನ್ನೂ ಮುಟ್ಟಬಾರದು. ರಕ್ತದೊತ್ತಡ ಹತೋಟಿಯಲ್ಲಿಲ್ಲದವರು ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯ, ಒತ್ತಡ ನರದ ಬೇರಿನ ಮೇಲಿದೆಯೋ ಬೆನ್ನುಹುರಿಯ ಮೇಲಿದೆಯೋ ಎಂಬುದು. ಬೇರು ಒತ್ತಿದರೆ ಒಂದು ತೋಳಿಗೆ ನೋವು. ಹುರಿ ಒತ್ತಿದರೆ ನೋವೇ ಇಲ್ಲದಿರಬಹುದು. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತದೆ, ಅಕ್ಷರ ಕೆಡುತ್ತದೆ, ನಡೆಯುವಾಗ ಕಾಲು ತೊಡರುತ್ತದೆ, ತಲೆ ಬಗ್ಗಿಸಿದಾಗ ಬೆನ್ನುದ್ದಕ್ಕೂ ಕರೆಂಟು ಹರಿದಂತಾಗುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ಇವುಗಳಲ್ಲಿ ಒಂದಿದ್ದರೂ ಟ್ರ್ಯಾಕ್ಷನ್ ಮಾತು ಬೇಡ, ಕೂಡಲೇ ವೈದ್ಯರ ಬಳಿ ಹೋಗಬೇಕು.

ಎಡಗೈಬರಹ ಅವರೇ, ನಿಮ್ಮ ಕಥೆ ಬೇರಿನ ಕಥೆಯಂತೆಯೇ ಇದೆ. ಕುತ್ತಿಗೆಯಲ್ಲಿ ಮಣಿಗಳು ಏಳು, ನರಗಳು ಎಂಟು ಜೊತೆ. ಹೆಬ್ಬೆರಳಿನ ಕಡೆ ಜೋಮಿದ್ದರೆ ಸಾಮಾನ್ಯವಾಗಿ ಆರನೆಯದು, ನಡುಬೆರಳಾದರೆ ಏಳನೆಯದು, ಕಿರುಬೆರಳಾದರೆ ಎಂಟನೆಯದು. ಸಿ5–ಸಿ6 ನಡುವಿನಿಂದ ಹೊರಬರುವುದು ಆರನೆಯ ನರ. ವರದಿಯೂ ಬೆರಳೂ ಒಂದೇ ಮಾತು ಹೇಳುತ್ತಿವೆ. ಕೈ ತಲೆಯ ಮೇಲಿಟ್ಟಾಗ ಸೆಳೆತ ಸಡಿಲಾಗಿ ನೋವು ತಗ್ಗುವುದು ನಾವು ಪರೀಕ್ಷೆಯಲ್ಲಿ ಹುಡುಕುವ ಗುರುತೇ. ಅಂಥವರಲ್ಲಿ, ಅದರಲ್ಲೂ ನಾವು ಕೈಯಿಂದ ತಲೆಯನ್ನು ಮೆಲ್ಲಗೆ ಎಳೆದಾಗ ಹಾಯೆನ್ನುವವರಲ್ಲಿ, ಟ್ರ್ಯಾಕ್ಷನ್ ಫಲಿಸುವ ಸಾಧ್ಯತೆ ಹೆಚ್ಚು.

ಇನ್ನು ಕೋನ. ನರ ಹೊರಬರುವ ಕಿಂಡಿ, ಕುತ್ತಿಗೆ ಹಿಂದಕ್ಕೆ ಬಾಗಿದಾಗ ಕಿರಿದಾಗುತ್ತದೆ, ಮುಂದಕ್ಕೆ ಬಾಗಿದಾಗ ಅಗಲವಾಗುತ್ತದೆ. ಬಾಗಿಲಿಗೆ ಬೆನ್ನು ಹಾಕಿ ಕುಳಿತ ನಿಧಾನಸ್ಥ ಅವರಿಗೆ ಜೋಮು ಹೆಚ್ಚಾದದ್ದು ಇದೇ ಕಾರಣಕ್ಕೆ. ಕುತ್ತಿಗೆಯ ಕೆಳಭಾಗದ ನರಗಳಿಗೆ ಸುಮಾರು 15 ರಿಂದ 25 ಡಿಗ್ರಿ ಮುಂದಕ್ಕೆ ಬಾಗಿದ ಎಳೆತ ಬೇಕು. ಗಟ್ಟಿ ಫೋಮಿನ ದಿಂಬು ಮಾಡುವುದು ಇದರ ತದ್ವಿರುದ್ಧ. ಅದು ಕುತ್ತಿಗೆಯನ್ನು ಹಿಂದಕ್ಕೆ ಕಮಾನಿನಂತೆ ಬಗ್ಗಿಸುತ್ತದೆ. ತಲೆ ತಗ್ಗಿಸಿ ಕೂತು ಕೂತು ಬಿಗಿದವರಿಗೆ ಅದು ಹಿತ. ಕಿಂಡಿಯಲ್ಲಿ ನರ ಸಿಕ್ಕಿಕೊಂಡವರಿಗೆ ಅಲ್ಲ. ಬಾಗಿಲ ಹಿಡಿಗೆ ಕಟ್ಟುವ ತೊಟ್ಟಿಲಿಗೆ ಅಳತೆಯೂ ಇಲ್ಲ, ಕೋನವೂ ನಿಲ್ಲುವುದಿಲ್ಲ. ರಬ್ಬರು ಹಳೆಯದಾದಂತೆ ಎಳೆತ ಬದಲಾಗುತ್ತದೆ.

ಕಾಡುಬಳ್ಳಿ · ಮಂಗಳವಾರ, ರಾತ್ರಿ 11.15

ಬೇಲಿಹೂವು ಮೇಡಂ, ನಮ್ಮ ಅಮ್ಮನಿಗೆ 68. ಹದಿನಾರು ವರ್ಷಗಳಿಂದ ರುಮಟಾಯ್ಡ್ ಇದೆ. ತಲೆಯ ಹಿಂಭಾಗ ನೋವು ಎನ್ನುತ್ತಾರೆಂದು ನೀರಿನ ಚೀಲದ ಸಾಧನ ತಂದಿಟ್ಟಿದ್ದೇನೆ. ನಾಳೆಯಿಂದ ಶುರು ಮಾಡಬೇಕೆಂದಿದ್ದೆವು.

ಬೇಲಿಹೂವು · ಮಂಗಳವಾರ, ರಾತ್ರಿ 11.19

ದಯವಿಟ್ಟು ಬೇಡ. ಪೆಟ್ಟಿಗೆ ತೆರೆಯಬೇಡಿ. ಅಮ್ಮನಿಗೆ ಕುತ್ತಿಗೆಯ ಎಕ್ಸ್-ರೇ ಆಗಿದೆಯೇ? ತಲೆ ಬಗ್ಗಿಸಿ ಒಂದು, ಎತ್ತಿ ಒಂದು ತೆಗೆಯುವಂಥದ್ದು? ಆಗಿಲ್ಲವಾದರೆ ಅವರ ಸಂಧಿವಾತ ನೋಡುವ ವೈದ್ಯರಿಗೆ ನಾಳೆಯೇ ತಲೆಯ ಹಿಂಭಾಗದ ನೋವಿನ ವಿಷಯ ತಿಳಿಸಿ. ಆ ಕಾಯಿಲೆಯಲ್ಲಿ ಅಲ್ಲಿನ ನೋವನ್ನು ಸುಮ್ಮನೆ ಬಿಡುವುದಿಲ್ಲ.

ಕಾಡುಬಳ್ಳಿ · ಮಂಗಳವಾರ, ರಾತ್ರಿ 11.22

ಆಗಿಲ್ಲ. ನಾಳೆಯೇ ಕರೆದುಕೊಂಡು ಹೋಗುತ್ತೇನೆ. ಕೈ ನಡುಗುತ್ತಿದೆ.

ಅನುಮಾನರಾಯ · ಬುಧವಾರ, ಬೆಳಿಗ್ಗೆ 7.50

ಕಲ್ಲು ಹಾಕಲು ಬಂದೆ ಎನ್ನಬೇಡಿ. ಟ್ರ್ಯಾಕ್ಷನ್‌ನಿಂದ ಉಪಯೋಗವಿದೆ ಎಂಬುದಕ್ಕೆ ಆಧಾರ ಎಷ್ಟಿದೆ ಎಂದು ಓದಲು ಕುಳಿತೆ. 2008ರ ಕಾಕ್ರೇನ್ ಪರಾಮರ್ಶೆ (ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಸಂಸ್ಥೆಯದು) ಅದುವರೆಗಿನ ಪ್ರಯೋಗಗಳನ್ನೆಲ್ಲ ಜಾಲಾಡಿ, ಪರವಾಗಿಯೂ ವಿರುದ್ಧವಾಗಿಯೂ ಹೇಳುವಷ್ಟು ಪುರಾವೆ ಇಲ್ಲ ಎಂದಿತು. 2009ರಲ್ಲಿ 81 ಜನರ ಮೇಲೆ ನಡೆದ ಪ್ರಯೋಗದಲ್ಲಿ ವ್ಯಾಯಾಮ ಮತ್ತು ಕೈಚಿಕಿತ್ಸೆ ಎಲ್ಲರಿಗೂ ಕೊಟ್ಟು, ಅರ್ಧ ಜನರಿಗೆ ನಿಜವಾದ ಟ್ರ್ಯಾಕ್ಷನ್, ಉಳಿದವರಿಗೆ ತೋರಿಕೆಯ ಟ್ರ್ಯಾಕ್ಷನ್ ಕೊಟ್ಟರು. ವ್ಯತ್ಯಾಸ ಕಾಣಲಿಲ್ಲ.

ಅದಲ್ಲದೆ ಈ ನರದ ನೋವು ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ಕೆಲವು ವಾರ, ಕೆಲವು ತಿಂಗಳಲ್ಲಿ ತಗ್ಗುತ್ತದೆ. ಆ ಹೊತ್ತಿಗೆ ಕೊರಳಲ್ಲಿ ಯಾವುದು ಇತ್ತೋ ಅದಕ್ಕೆ ಕೀರ್ತಿ. ನಾನು ಏನನ್ನೂ ಕಟ್ಟಿಕೊಳ್ಳದೆ ಮೂರು ತಿಂಗಳಲ್ಲಿ ವಾಸಿಯಾದೆ. ಕೀರ್ತಿಯನ್ನು ಯಾರಿಗೆ ಕೊಡಲಿ?

ಬೇಲಿಹೂವು · ಬುಧವಾರ, ಮಧ್ಯಾಹ್ನ 2.10

ಅನುಮಾನರಾಯರೇ, ಓದಿದ್ದು ಸರಿ, ಇನ್ನೊಂದನ್ನು ಸೇರಿಸಿಕೊಳ್ಳಿ. 2014ರ ಪ್ರಯೋಗದಲ್ಲಿ ಕೈಗೆ ಇಳಿಯುವ ನೋವಿರುವ 86 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ವ್ಯಾಯಾಮ ಮಾತ್ರ, ಒಂದಕ್ಕೆ ವ್ಯಾಯಾಮದ ಜೊತೆ ಬಾಗಿಲಿನ ಟ್ರ್ಯಾಕ್ಷನ್, ಒಂದಕ್ಕೆ ವ್ಯಾಯಾಮದ ಜೊತೆ ಮಲಗಿಸಿ ಎಳೆಯುವ ಯಂತ್ರದ ಟ್ರ್ಯಾಕ್ಷನ್. ಚಿಕಿತ್ಸೆ ನಾಲ್ಕು ವಾರ. ಆರು ತಿಂಗಳ ನಂತರ ನೋಡಿದಾಗ ಯಂತ್ರದ ಗುಂಪಿನವರ ದಿನಚರಿಯ ತೊಂದರೆ ಉಳಿದೆರಡು ಗುಂಪಿಗಿಂತ ಕಡಿಮೆ ಇತ್ತು. ವರ್ಷದ ನಂತರವೂ ವ್ಯಾಯಾಮವಷ್ಟೇ ಮಾಡಿದವರಿಗಿಂತ ಅವರು ಮುಂದಿದ್ದರು. ಅದು ಚಿಕಿತ್ಸಾಲಯದ ಯಂತ್ರ, ಮನೆಯದಲ್ಲ ಎಂಬುದನ್ನು ಮರೆಯುವ ಹಾಗಿಲ್ಲ.

ನನ್ನ ಅನುಭವ ಈ ಎರಡರ ನಡುವೆ ಎಲ್ಲೋ ಇದೆ. ಎಲ್ಲರನ್ನೂ ಎಳೆದರೆ ಸರಾಸರಿಯಲ್ಲಿ ಏನೂ ಕಾಣುವುದಿಲ್ಲ. ಕೈಯಿಂದ ಎಳೆದಾಗ ಹಾಯೆನ್ನುವವರನ್ನು ಆರಿಸಿ ಎಳೆದರೆ, ಕಾಯಬೇಕಾದ ಆ ಮೂರು ತಿಂಗಳನ್ನು ನಿದ್ದೆಗೆಡದೆ ಕಾಯಬಹುದು. ಎಂಟು ವಾರ ಕೈ ಎತ್ತಿಕೊಂಡು ಮಲಗಿದವರಿಗೆ ಅದು ಸಣ್ಣ ಸಂಗತಿಯಲ್ಲ. ವ್ಯಾಯಾಮ ಬಿಟ್ಟು ಟ್ರ್ಯಾಕ್ಷನ್ ಒಂದನ್ನೇ ನಂಬಿಕೊಳ್ಳುವುದು ಮಾತ್ರ ಬೇಡವೇ ಬೇಡ.

ಅನುಮಾನರಾಯ · ಬುಧವಾರ, ಮಧ್ಯಾಹ್ನ 2.44

ಆರಿಸಿ ಎಳೆಯುವುದಾದರೆ ಒಪ್ಪಿದೆ. ಜಾಹೀರಾತಿನವರು ಆರಿಸುವುದಿಲ್ಲ ಎಂಬುದೇ ನನ್ನ ಗೋಳು.

ಹೊಂಬಿಸಿಲು · ಬುಧವಾರ, ಸಂಜೆ 6.30

ಮಲಗಿ ಬಳಸುವ ಪಂಪಿನ ಸಾಧನ ನನ್ನಲ್ಲಿದೆ, ಒಂದೂವರೆ ವರ್ಷವಾಯಿತು. ಎಲ್ಲಕ್ಕಿಂತ ದುಬಾರಿ ಇದೇ, ಮೊದಲೇ ಹೇಳಿಬಿಡುತ್ತೇನೆ.

ಇಳಿಜಾರಾದ ಹಲಗೆಯಂಥದ್ದು, ಅದರ ಮೇಲೆ ಹಿಂದೆ ಮುಂದೆ ಜಾರುವ ತಲೆಯ ತೊಟ್ಟಿ. ತೊಟ್ಟಿಯಲ್ಲಿ ಎರಡು ಮೆತ್ತನೆಯ ಬೆಣೆಗಳು. ಅವು ಗದ್ದವನ್ನು ಮುಟ್ಟುವುದೇ ಇಲ್ಲ. ಕಿವಿಯ ಹಿಂದಿನ ಗುಬುಟಿನ ಕೆಳಗೆ, ತಲೆಬುರುಡೆಯ ಬುಡವನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ಹಣೆಗೆ ಒಂದು ಪಟ್ಟಿ. ಕೈಯಲ್ಲಿ ಪಂಪು, ಪಂಪಿನ ಮೇಲೆ ಮಾಪಕ, ಪಕ್ಕದಲ್ಲಿ ಗಾಳಿ ಬಿಡುವ ಗುಂಡಿ. ಕೋನಕ್ಕೆ 15, 20, 25 ಡಿಗ್ರಿಯ ಮೂರು ಮೆಟ್ಟಿಲು. ಹೆದರಿಕೆಯಾದ ಕ್ಷಣ ಹೆಬ್ಬೆರಳು ಒತ್ತಿದರೆ ಸಾಕು, ಗಾಳಿ ಇಳಿದು ಎಳೆತ ನಿಲ್ಲುತ್ತದೆ. ನೀರಿನ ಚೀಲದಲ್ಲಿ ಗಾಬರಿಯಾದರೆ ಎದ್ದು ನಿಲ್ಲಬೇಕು.

ಇನ್ನು ನನ್ನ ಪೆದ್ದುತನ. 8 ಕಿಲೋ ಎಂದು ಬರೆದುಕೊಟ್ಟಿದ್ದರು. ಮುಳ್ಳನ್ನು 8ಕ್ಕೆ ತಂದು ಎರಡು ವಾರ ಮಲಗಿದೆ, ಏನೂ ಆಗಲಿಲ್ಲ, ಎಲ್ಲರೊಂದಿಗೂ ಸಾಧನವನ್ನು ಬೈದುಕೊಂಡು ಓಡಾಡಿದೆ. ಮಾಪಕದಲ್ಲಿದ್ದದ್ದು ಪೌಂಡ್. 8 ಪೌಂಡ್ ಅಂದರೆ 3.6 ಕಿಲೋ. ನನ್ನ ಅದೃಷ್ಟ, ತಪ್ಪು ಕಡಿಮೆಯ ಕಡೆಗೆ ಆಗಿತ್ತು. ಪೌಂಡಿನಲ್ಲಿ ಬರೆದುಕೊಟ್ಟದ್ದನ್ನು ಕಿಲೋ ಎಂದು ಓದಿಕೊಂಡಿದ್ದರೆ ಎರಡು ಪಟ್ಟಿಗಿಂತ ಹೆಚ್ಚಾಗುತ್ತಿತ್ತು. ಕೊಳ್ಳುವ ದಿನವೇ ಮಾಪಕದ ಮೇಲಿನ ಸಣ್ಣ ಅಕ್ಷರ ಓದಿ.

ಇನ್ನೊಂದು ಯಾರೂ ಹೇಳದ್ದು: ಕೂದಲು. ತಲೆಗೆ ಎಣ್ಣೆ ಹಚ್ಚಿದ ದಿನ ಬೆಣೆಗಳು ಜಾರಿ ಕಿವಿಗೆ ಬಡಿಯುತ್ತವೆ. ಬೆವರಿದ್ದರೂ ಹಾಗೆಯೇ. ಓಲೆ, ಕನ್ನಡಕ ತೆಗೆದಿಟ್ಟು, ಕುತ್ತಿಗೆಯ ಹಿಂಭಾಗ ಒರೆಸಿಕೊಂಡು, ಬೆಣೆಗಳನ್ನು ಬಿಗಿಯಾಗಿ ಹತ್ತಿರ ತಂದುಕೊಂಡ ಮೇಲೆಯೇ ಪಂಪು ಒತ್ತಬೇಕು. ಬೆಣೆ ಸಡಿಲವಾಗಿದ್ದರೆ ಎಳೆತವೆಲ್ಲ ಕಿವಿಗೆ.

ಎಡಗೈಬರಹ · ಬುಧವಾರ, ರಾತ್ರಿ 11.55

ಇಷ್ಟು ಸಿಗುತ್ತದೆ ಎಂದುಕೊಂಡಿರಲಿಲ್ಲ. ಗುಂಡಿ ಹಾಕಿ ನೋಡಿದೆ, ಬೆರಳು ತಡವರಿಸುವುದಿಲ್ಲ. ನಡಿಗೆ ಸರಿ ಇದೆ. ಅಕ್ಷರ ಮೊದಲಿನಿಂದಲೂ ಕೆಟ್ಟದಾಗಿದೆ, ಅದಕ್ಕೆ ಡಿಸ್ಕ್ ಕಾರಣವಲ್ಲ.

ಹೊಂಬಿಸಿಲು ಅವರು ಹೇಳಿದ ಬಗೆಯದೇ ಒಂದು ಪರಿಚಯದವರಲ್ಲಿ ಬಳಸದೆ ಬಿದ್ದಿದೆ, ಅರ್ಧ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಹಳೆಯದನ್ನು ಕೊಳ್ಳಬಹುದೇ? ಎಷ್ಟು ಭಾರದಿಂದ ಶುರು ಮಾಡಬೇಕು?

ಅಳತೆಗೋಲು · ಗುರುವಾರ, ಬೆಳಿಗ್ಗೆ 8.20

ಕೊಳ್ಳಬಹುದು, ನೋಡಿ ಕೊಳ್ಳಿ. ಗಾಳಿ ಪೂರ್ತಿ ಬಿಟ್ಟಾಗ ಮುಳ್ಳು ಸೊನ್ನೆಗೆ ಬಂದು ನಿಲ್ಲಬೇಕು. ಒಬ್ಬರು ತಲೆಯ ತೊಟ್ಟಿಯನ್ನು ಕೈಯಿಂದ ತಡೆದು ಹಿಡಿಯಲಿ, ನೀವು ಮುಳ್ಳನ್ನು 8 ಕಿಲೋಗೆ ತನ್ನಿ, ಐದು ನಿಮಿಷ ಬಿಡಿ. ಮುಳ್ಳು ಇಳಿಯುತ್ತಾ ಹೋದರೆ ಎಲ್ಲೋ ಗಾಳಿ ಸೋರುತ್ತಿದೆ. ಕೊಳವೆಯ ಕೂಡುಗಳಿಗೆ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಬಂದು ಜಾಗ ತೋರಿಸುತ್ತದೆ. ಕೂಡು ಬಿಗಿಗೊಳಿಸಬಹುದು. ಒಳಗಿನ ಕೊಳವೆಯೇ ಸೋರುತ್ತಿದ್ದರೆ ಬಿಟ್ಟುಬಿಡಿ. ತೊಟ್ಟಿ ಎಲ್ಲೂ ಸಿಕ್ಕಿಕೊಳ್ಳದೆ ಜಾರಬೇಕು. ಹಣೆಪಟ್ಟಿಯ ಅಂಟು ಸವೆದಿದ್ದರೆ ಹೊಲಿಸಿಕೊಳ್ಳಬಹುದು, ದೊಡ್ಡ ವಿಷಯವಲ್ಲ.

ಬೇಲಿಹೂವು · ಗುರುವಾರ, ಮಧ್ಯಾಹ್ನ 1.05

ಭಾರವನ್ನು ನಾನು ಹೇಳುವುದಕ್ಕಿಂತ, ಸಾಧನವನ್ನು ನಿಮಗೆ ಈಗಾಗಲೇ ಎಂಟು ಬಾರಿ ಟ್ರ್ಯಾಕ್ಷನ್ ಕೊಟ್ಟವರ ಬಳಿಗೇ ಒಯ್ಯಿರಿ. ನಿಮ್ಮ ಕುತ್ತಿಗೆಗೆ ಎಷ್ಟರಲ್ಲಿ ಹಾಯೆನಿಸಿತು ಎಂದು ಅವರ ಕಡತದಲ್ಲಿರುತ್ತದೆ. ಮೊದಲ ಬಾರಿ ಅವರ ಕಣ್ಣೆದುರೇ ಮಲಗಿ. ಸಾಮಾನ್ಯವಾಗಿ 4–5 ಕಿಲೋದಿಂದ ಐದು ಹತ್ತು ನಿಮಿಷ ಶುರುವಾಗಿ, ದಿನಗಳು ಕಳೆದಂತೆ 9–11 ಕಿಲೋವರೆಗೆ, ಹದಿನೈದು ನಿಮಿಷದವರೆಗೆ ಹೋಗುವುದುಂಟು. 6ರಲ್ಲೇ ನೋವು ತಗ್ಗಿದರೆ 6ರಲ್ಲೇ ನಿಲ್ಲಿ. ಮೊಣಕಾಲಿನ ಕೆಳಗೆ ದಿಂಬು ಇಟ್ಟುಕೊಳ್ಳಿ. ಮುಗಿದ ಮೇಲೆ ಗಾಳಿಯನ್ನು ಮೆಲ್ಲಗೆ ಬಿಡಿ, ಎರಡು ಮೂರು ನಿಮಿಷ ಹಾಗೇ ಮಲಗಿರಿ, ಪಕ್ಕಕ್ಕೆ ಹೊರಳಿ ಏಳಿ. ಎಳೆತದಲ್ಲೇ ನಿದ್ದೆ ಹೋಗಬೇಡಿ. ಮೊದಲ ಕೆಲವು ದಿನ ಮನೆಯಲ್ಲಿ ಇನ್ನೊಬ್ಬರಿರಲಿ.

ದಿಕ್ಕು ನೋಡುತ್ತಿರಿ. ಬೆರಳಿನ ನೋವು ಮೊಣಕೈಗೆ, ಮೊಣಕೈಯದು ಹೆಗಲಿಗೆ ಏರಿ ಬಂದರೆ ಒಳ್ಳೆಯದೇ, ಹೆಗಲಲ್ಲಿ ನೋವು ಸ್ವಲ್ಪ ಹೆಚ್ಚಾದರೂ ಗಾಬರಿಯಾಗಬೇಡಿ. ಕೆಳಕ್ಕೆ ಇಳಿದರೆ, ತಲೆಸುತ್ತು, ವಾಕರಿಕೆ, ಕಣ್ಣು ಮಂಜಾಗುವುದು ಕಂಡರೆ, ಕೈಯ ಬಲ ಕುಗ್ಗಿದರೆ ನಿಲ್ಲಿಸಿ, ನಮ್ಮನ್ನು ಕೇಳುತ್ತ ಕೂರದೆ ವೈದ್ಯರ ಬಳಿ ಹೋಗಿ.

ಸಂಜೆಮುಗಿಲು · ಗುರುವಾರ, ರಾತ್ರಿ 9.10

ನನ್ನ ಪಟ್ಟಿಯನ್ನು ಬಿಡುವುದಿಲ್ಲ, ಆದರೆ ಇನ್ನು ಮೂರನೆಯ ಸುತ್ತು ಉಬ್ಬುವವರೆಗೆ ಒತ್ತುವುದಿಲ್ಲ.

ಕಾಡುಬಳ್ಳಿ · ಹತ್ತು ದಿನಗಳ ನಂತರ, ಸಂಜೆ 5.40

ಅಮ್ಮನ ಎಕ್ಸ್-ರೇ ಆಯಿತು. ತಲೆ ಬಗ್ಗಿಸಿದಾಗ ಮೇಲಿನ ಮಣಿ ಇರಬೇಕಾದ್ದಕ್ಕಿಂತ ಮುಂದಕ್ಕೆ ಸರಿಯುತ್ತಿದೆ ಎಂದರು. ಸದ್ಯಕ್ಕೆ ಕಾಲರ್ ಕೊಟ್ಟು ತಜ್ಞರ ಬಳಿ ಕಳುಹಿಸಿದ್ದಾರೆ. ಚೀಲದ ಸಾಧನವನ್ನು ಪೆಟ್ಟಿಗೆ ಸಮೇತ ಹಿಂದಿರುಗಿಸಿದೆ. ಹಣ ಪೂರ್ತಿ ಬರಲಿಲ್ಲ, ಬೇಕಾಗಿಯೂ ಇಲ್ಲ. ಬೇಲಿಹೂವು ಮೇಡಂ, ಆ ರಾತ್ರಿ ನಾಲ್ಕು ನಿಮಿಷದಲ್ಲಿ ಉತ್ತರ ಬರೆದಿರಿ. ಅಮ್ಮನಿಗೆ ಓದಿ ಹೇಳಿದ್ದೇನೆ.

ಎಡಗೈಬರಹ · ಐದು ವಾರಗಳ ನಂತರ, ರಾತ್ರಿ 10.20

ತಡವಾಯಿತು, ಕ್ಷಮಿಸಿ. ಹಳೆಯ ಸಾಧನವನ್ನೇ ಕೊಂಡೆ. ಸೋಪಿನ ನೊರೆ ಒಂದು ಕೂಡಿನಲ್ಲಿ ಗುಳ್ಳೆ ತೋರಿಸಿತು, ಬಿಗಿ ಮಾಡಿದ ಮೇಲೆ ಮುಳ್ಳು ಅಲ್ಲಾಡಲಿಲ್ಲ. ಫಿಸಿಯೋ ಮುಂದೆಯೇ ಮೊದಲ ಬಾರಿ ಮಲಗಿದೆ. ಕೋನ 15 ಇಟ್ಟಾಗ ಏನೂ ಅನ್ನಿಸಲಿಲ್ಲ, 20ಕ್ಕೆ ಏರಿಸಿದಾಗ ಹೆಗಲಮೂಳೆಯ ಒಳಗಿನ ಗಂಟು ಬಿಚ್ಚಿದಂತಾಯಿತು. 5 ಕಿಲೋದಿಂದ ಶುರು ಮಾಡಿ ಈಗ 7.5ರಲ್ಲಿದ್ದೇನೆ, ಹನ್ನೆರಡು ನಿಮಿಷ, ದಿನಕ್ಕೆ ಒಮ್ಮೆ. 9ಕ್ಕೆ ಹೋಗಿ ನೋಡಿದ ದಿನ ತಲೆನೋವು ಬಂತು, ಹಿಂದೆ ಬಂದೆ. ಗದ್ದವನ್ನು ಒಳಗೆ ಎಳೆದುಕೊಳ್ಳುವ ವ್ಯಾಯಾಮವನ್ನು ಕರಡು ತಿದ್ದುವಾಗ ಪುಟಕ್ಕೊಮ್ಮೆ ಮಾಡುತ್ತೇನೆ. ಕರಡನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡುವುದನ್ನು ಬಿಟ್ಟು ಓರೆ ಹಲಗೆಯ ಮೇಲೆ ಇಟ್ಟುಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಹಲಗೆಯ ಪಾಲು ಎಷ್ಟು, ಎಳೆತದ ಪಾಲು ಎಷ್ಟು ಎಂದು ನನಗೇ ತಿಳಿಯದು. ಅನುಮಾನರಾಯರು ಮೂರನೆಯ ಪಾಲು ಕಾಲಕ್ಕೆ ಕೊಡುತ್ತಾರೆ ಎಂದೂ ಗೊತ್ತು.

ತೋಳಿನ ನೋವು ಮೊಣಕೈವರೆಗೆ ಹಿಂದೆ ಬಂದು ಆಮೇಲೆ ಹೋಗಿಯೇಬಿಟ್ಟಿತು. ಹೆಬ್ಬೆರಳಿನ ತುದಿಯಲ್ಲಿ ಮಾತ್ರ ಜೋಮು ಉಳಿದಿದೆ.

ಬೇಲಿಹೂವು · ರಾತ್ರಿ 10.48

ನೋವು ಮೊದಲು ಹೋಗುತ್ತದೆ, ಜೋಮು ಸಾಮಾನ್ಯವಾಗಿ ಕೊನೆಗೆ. ತಿಂಗಳುಗಳೂ ಆಗಬಹುದು. ಬಲ ಕುಗ್ಗದಿದ್ದರೆ ಚಿಂತೆಯಿಲ್ಲ. ಇನ್ನು ಎಳೆತವನ್ನು ದಿನ ಬಿಟ್ಟು ದಿನ ಮಾಡಿ ನೋಡಿ, ಆಮೇಲೆ ಬಿಡುವ ವಿಷಯವನ್ನು ನಿಮ್ಮ ಫಿಸಿಯೋ ಜೊತೆ ಮಾತನಾಡಿ. ರಾತ್ರಿ ನಿದ್ದೆ ಹೇಗಿದೆ?

ಎಡಗೈಬರಹ · ರಾತ್ರಿ 10.53

ಮನೆಯಲ್ಲಿ ಕೇಳಿದೆ. ಕಳೆದ ಭಾನುವಾರದಿಂದ ಎರಡೂ ಕೈಗಳು ಹೊದಿಕೆಯೊಳಗೇ ಇವೆಯಂತೆ.